ಮುಳ್ಳಿಲ್ಲದ ಗಡಿಯಾರ

ಗಡಿಯಾರ ರಿಪೇರಿಯವರು ಈಜು ಕಲಿತದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಕಡಲಿನ ತಳ ಕಂಡದ್ದು ಐವತ್ತೈದರಲ್ಲಿ. ಈ ಹುಚ್ಚು ಹಿಡಿಸಿದವರು ಅವರ ಷಡ್ಡಕ, ಸಿಟಿ ಬಸ್ಸಿನ ಡ್ರೈವರು. ಅಕ್ಕತಂಗಿಯರನ್ನು ಮದುವೆಯಾಗಿದ್ದ ಇವರಿಬ್ಬರೂ ಮೊದಲ ಹದಿನೈದು ವರ್ಷ ‘ಚೆನ್ನಾಗಿದ್ದೀರಾ’, ‘ಚೆನ್ನಾಗಿದ್ದೀನಿ’ ಎನ್ನುವುದರಾಚೆ ಮಾತು ಬೆಳೆಸಿದವರಲ್ಲ. ನೀರಿನೊಳಗೆ ಮಾತಾಡಲು ಸಾಧ್ಯವೇ ಇಲ್ಲವಲ್ಲ, ಅಲ್ಲಿ ಸ್ನೇಹ ತಾನಾಗಿ ಬೆಳೆಯಿತು.

ತಿಂಗಳಿಗೆರಡು ಭಾನುವಾರ ಡೈವಿಂಗ್ ಕಲಿಸುವ ಮೇಡಂ ಮುಂದೆ, ಇವರಿಬ್ಬರೂ ಜೋಡಿಯಾಗಿ ಹಿಂದೆ. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಬೇಕು, ಒಬ್ಬರಿಗೆ ತೊಂದರೆಯಾದರೆ ಇನ್ನೊಬ್ಬರು ಕೈ ಹಿಡಿದು ಮೇಲೆ ತರಬೇಕು ಎಂಬುದು ಆ ಆಟದ ಮೊದಲ ನಿಯಮ. ಹೀಗೇ ಮೂರು ವರ್ಷ ಕಳೆದ ಮೇಲೆ ಒಂದು ದಿನ ದೋಣಿಯಲ್ಲಿ ತಲೆ ಒರೆಸಿಕೊಳ್ಳುತ್ತ ಮೇಡಂ ಹೇಳಿದರು:

“ಇನ್ನು ನನ್ನ ಬಾಲ ಹಿಡ್ಕೊಂಡು ಬರೋದು ಸಾಕು. ನೀವಿಬ್ಬರೇ ಇಳೀಬಹುದು. ಆದರೆ ಒಬ್ಬೊಬ್ಬರಿಗೂ ಒಂದೊಂದು ಡೈವ್ ಕಂಪ್ಯೂಟರ್ ಬೇಕು. ಈ ಹಳೇ ಮುಳ್ಳಿನ ಮೀಟರುಗಳ ಕಾಲ ಮುಗೀತು.”

ಡೈವ್ ಕಂಪ್ಯೂಟರ್ ಎಂದರೆ ಕೈಗೆ ಕಟ್ಟುವ ಪುಟ್ಟ ಯಂತ್ರ. ಎಷ್ಟು ಆಳದಲ್ಲಿದ್ದೇವೆ, ಇಳಿದು ಎಷ್ಟು ಹೊತ್ತಾಯಿತು, ಇನ್ನೆಷ್ಟು ನಿಮಿಷ ಅಲ್ಲಿರಬಹುದು ಎಂಬುದನ್ನೆಲ್ಲ ಅಂಕಿಯಲ್ಲಿ ತೋರಿಸುತ್ತದೆ. ಅವಸರವಾಗಿ ಮೇಲೆ ಬಂದರೆ ಕೂಗಿ ಎಚ್ಚರಿಸುತ್ತದೆ. ಆಳದಲ್ಲಿ ಹೆಚ್ಚು ಹೊತ್ತು ಇದ್ದು ಸರಕ್ಕನೆ ಮೇಲೇರಿದರೆ ರಕ್ತದಲ್ಲಿ ಗಾಳಿಯ ಗುಳ್ಳೆಗಳೆದ್ದು ಜೀವಕ್ಕೇ ಅಪಾಯ.

“ಇಬ್ಬರೂ ಜೊತೇಲೇ ಇರ್ತೀವಲ್ಲ ಮೇಡಂ, ಒಂದೇ ಸಾಕಲ್ವಾ?” ಎಂದರು ಡ್ರೈವರು.

“ನಿಮ್ಮ ಹೆಂಡತಿ ಊಟ ಮಾಡಿದ್ರೆ ನಿಮ್ಮ ಹೊಟ್ಟೆ ತುಂಬುತ್ತಾ? ಯಾರು ಎಷ್ಟು ಆಳಕ್ಕೆ ಹೋಗಿದ್ರು ಅನ್ನೋದು ಅವರವರ ಮೈಯ ಲೆಕ್ಕ. ಎರಡು ಬೇಕು.”

ಡ್ರೈವರು ಖುಷಿಯಿಂದ ಷಡ್ಡಕನ ಬೆನ್ನಿಗೊಂದು ಗುದ್ದು ಕೊಟ್ಟರು. ಗಡಿಯಾರದವರು ನಕ್ಕರು, ಆದರೆ ಕಣ್ಣು ಹಳೇ ಮುಳ್ಳಿನ ಮೀಟರಿನ ಮೇಲೇ ಇತ್ತು.

ಅವರ ಅಂಗಡಿ ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿತ್ತು. ಒಂದು ಮೇಜು, ಒಂದು ದೀಪ, ಬಿಚ್ಚಿಟ್ಟ ಗಡಿಯಾರದ ಮೇಲೆ ದೂಳು ಬೀಳದಂತೆ ಬೋರಲು ಹಾಕಿದ ಗಾಜಿನ ಬಟ್ಟಲು. ಬಲಗಣ್ಣಿಗೆ ಸದಾ ಸಿಕ್ಕಿಸಿಕೊಂಡಿರುವ ಪುಟ್ಟ ಭೂತಗನ್ನಡಿ. ಅದು ಕಣ್ಣಿನಲ್ಲಿರುವ ತನಕ ಎಳ್ಳಿನಷ್ಟು ಸ್ಕ್ರೂ ಕೂಡ ಅವರಿಗೆ ಕುಂಬಳಕಾಯಿ. ಅದನ್ನು ತೆಗೆದರೆ ಅಂಗೈಯ ಮೇಲಿನ ಅಕ್ಷರವೂ ಮಸುಕು. ಕಣ್ಣು ಹೀಗಾಗತೊಡಗಿ ಹತ್ತು ವರ್ಷಗಳೇ ಆಗಿದ್ದವು. ‘ಕಣ್ಣು ಮಂಜಾದ ಗಡಿಯಾರದವನ ಹತ್ತಿರ ಯಾರು ಬರುತ್ತಾರೆ?’ ಎಂಬ ಅಳುಕಿನಿಂದ ಅವರು ಕನ್ನಡಕದ ಸಹವಾಸಕ್ಕೇ ಹೋಗಿರಲಿಲ್ಲ.

ಹಾಗಾದರೆ ಮೂರು ವರ್ಷ ನೀರಿನೊಳಗೆ ಹೇಗೆ ನಿಭಾಯಿಸಿದರು? ಮುಳ್ಳು ನೋಡಿ. ಹುಟ್ಟಾ ಗಡಿಯಾರದವರಿಗೆ ಅಂಕಿ ಯಾಕೆ ಬೇಕು? ಮುಳ್ಳು ಯಾವ ಕಡೆಗೆ ವಾಲಿದೆ ಎಂದು ತಿಳಿದರೆ ಸಾಕು, ಆಳವೆಷ್ಟು, ಗಾಳಿಯೆಷ್ಟು ಎಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ. ‘ಅಣ್ಣನ ಕಣ್ಣು ಅಂದ್ರೆ ಕಣ್ಣು’ ಎಂದು ಡ್ರೈವರು ಬಸ್ ಡಿಪೋದಲ್ಲೆಲ್ಲ ಹೊಗಳಿಕೊಂಡು ಬಂದಿದ್ದರು. ಈಗ ಮುಳ್ಳೇ ಇಲ್ಲದ ಯಂತ್ರ! ಓದಲಾಗದು ಎಂದು ತಿಳಿದರೆ ಷಡ್ಡಕ ಬೇರೆ ಜೊತೆ ಹುಡುಕಿಕೊಂಡಾನು. ಇಳಿವಯಸ್ಸಿನಲ್ಲಿ ಸಿಕ್ಕ ಒಬ್ಬನೇ ಗೆಳೆಯ ಕೈಬಿಟ್ಟು ಹೋದಾನು. ಹೆದರಿಕೆ ಅದೊಂದೇ.

ಶನಿವಾರ ಇಬ್ಬರೂ ಮೇಡಂ ಅವರ ಅಂಗಡಿಗೆ ಹೋದರು. ಗೋಡೆಯ ತುಂಬ ರಬ್ಬರಿನ ಉಡುಪುಗಳು ತಲೆಯಿಲ್ಲದ ಮನುಷ್ಯರಂತೆ ತೂಗಾಡುತ್ತಿದ್ದವು. ಗಾಜಿನ ಪೆಟ್ಟಿಗೆಯೊಳಗೆ ಕಂಪ್ಯೂಟರುಗಳು ಸಾಲಾಗಿ ಕುಳಿತಿದ್ದವು. ಡ್ರೈವರು ಅಂಗೈಯಗಲದ ಒಂದನ್ನು ಎತ್ತಿದರು.

“ಇದು ನೋಡಿ ಅಣ್ಣಾ. ದಪ್ಪ ದಪ್ಪ ಅಂಕಿ, ನನ್ನ ಬಸ್ಸಿನ ಮೀಟರ್ ಥರ.”

“ಇದೇನಪ್ಪಾ, ಗೋಡೆ ಗಡಿಯಾರ ಕಿತ್ತು ಕೈಗೆ ಕಟ್ಕೊಳ್ಳೋದಾ?” ಎಂದು ಗಡಿಯಾರದವರು ಮೂಗು ಮುರಿದರು. ಬೇಕಾಗಿದ್ದದ್ದು ಅದೇ ಆದರೂ ಬೇಕೆನ್ನಲು ಬಾಯಿ ಬರಲಿಲ್ಲ. ಕೈಗಡಿಯಾರದಷ್ಟೇ ಇದ್ದ ತೆಳುವಾದ ಒಂದನ್ನು ಎತ್ತಿಕೊಂಡು, ಅದರ ಕಟ್ಟು, ಗುಂಡಿ, ಹಿಂಬದಿಯ ಮುಚ್ಚಳಗಳನ್ನು ಬೆರಳಲ್ಲೇ ಸವರಿ, “ಕೆಲಸ ಅಂದ್ರೆ ಇದು” ಎಂದರು.

“ಅಣ್ಣ ಹೇಳಿದ ಮೇಲೆ ಮುಗೀತು. ಎರಡು ಕೊಡಿ ಮೇಡಂ.”

“ತಡೀರಿ, ತರಕಾರಿ ಕೊಳ್ತಿದ್ದೀರಾ?” ಎಂದ ಮೇಡಂ ಇಬ್ಬರನ್ನೂ ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲೊಂದು ನೀರು ತುಂಬಿದ ತೊಟ್ಟಿ. ಆ ತೆಳು ಯಂತ್ರವನ್ನು ಅದರೊಳಗೆ ಇಳಿಬಿಟ್ಟರು. “ಮುಖಕ್ಕೆ ಮಾಸ್ಕ್ ಹಾಕ್ಕೊಂಡು ನೀರೊಳಗೆ ನೋಡಿ, ಕಂಡದ್ದು ಹೇಳಿ. ಕಾಗದದ ಮೇಲೆ ಚೆಂದ ಇರೋದೆಲ್ಲ ಕಡಲಲ್ಲಿ ಚೆಂದ ಇರಲ್ಲ.”

ಡ್ರೈವರು ಮುಖ ಮುಳುಗಿಸಿ ಓದಿ ಎದ್ದರು, ಸರಿಯಾಗಿತ್ತು. ಮೇಡಂ ಗುಂಡಿ ಒತ್ತಿ ಬೇರೆ ಅಂಕಿಗಳನ್ನು ತಂದರು. ಗಡಿಯಾರದವರು ಬಗ್ಗಿದರು. ಬೂದುಬಣ್ಣದಲ್ಲಿ ಇರುವೆಗಳು ಗುಂಪು ಸೇರಿದಂತೆ ಏನೋ ಕಂಡಿತು. ಎದ್ದು, ಗಂಟಲು ಸರಿಮಾಡಿಕೊಂಡು, “ಮೂವತ್ತು ಮೀಟರು, ಹದಿನೆಂಟು ನಿಮಿಷ” ಎಂದರು.

“ಹದಿಮೂರು,” ಎಂದರು ಮೇಡಂ. “ಮೂವತ್ತು ಮೀಟರ್ ಆಳದಲ್ಲಿ ಐದು ನಿಮಿಷ ಹೆಚ್ಚಿಗೆ ಇದ್ದುಬಿಟ್ರೆ ಏನಾಗುತ್ತೆ ಗೊತ್ತಲ್ಲ?”

“ನೀರು ಅಲುಗಾಡ್ತಿತ್ತು...” ಎಂದು ಗಡಿಯಾರದವರು ತೊದಲಿದರು.

“ಹೌದು ಮೇಡಂ, ನಾನೇ ಕೈ ಆಡಿಸಿಬಿಟ್ಟೆ ಅನ್ಸುತ್ತೆ. ಇಲ್ಲದಿದ್ರೆ ಅಣ್ಣ ತಪ್ಪೋ ಮನುಷ್ಯನೇ ಅಲ್ಲ,” ಎಂದರು ಡ್ರೈವರು ತಟ್ಟನೆ.

ಸುಳ್ಳು ಅಲ್ಲಿಗೇ ಗಟ್ಟಿಯಾಗುತ್ತಿತ್ತು. ಇನ್ನೊಂದು ಮಾತು ಬೇಕಿರಲಿಲ್ಲ. ಆದರೆ ಆ ಮುಖದಲ್ಲಿದ್ದ ನಂಬಿಕೆಯನ್ನು ನೋಡಿದ ಮೇಲೆ ಗಡಿಯಾರದವರಿಗೆ ತಡೆದುಕೊಳ್ಳಲಾಗಲಿಲ್ಲ.

“ನೀರು ಅಲುಗಾಡಲಿಲ್ಲ ಕಣಪ್ಪಾ. ನನಗೆ ಕಾಣಿಸಲ್ಲ. ಹತ್ತು ವರ್ಷದಿಂದ ಹತ್ತಿರದ್ದು ಯಾವುದೂ ಕಾಣಿಸಲ್ಲ. ಇಷ್ಟು ದಿನ ಮುಳ್ಳು ನೋಡ್ಕೊಂಡು ಬದುಕಿದೆ.”

ಡ್ರೈವರು ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು. ಗಡಿಯಾರದವರು ಹಿಂದೆಯೇ ಹೋಗಿ ಪಕ್ಕದಲ್ಲಿ ಕುಳಿತರು. ಬೀದಿಯಲ್ಲಿ ಒಂದು ಲಾರಿ, ಎರಡು ಸೈಕಲ್ಲು ಹಾದುಹೋದವು.

“ಮೂರು ವರ್ಷ ನನ್ನ ಜೀವ ನಿಮ್ಮ ಕಣ್ಣಿಗೆ ಒಪ್ಪಿಸಿದ್ದೆ,” ಎಂದರು ಡ್ರೈವರು ಕೊನೆಗೆ. “ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಬೇರೆ ಜೊತೆ ಹುಡುಕ್ಕೋತೀಯ ಅಂತ ಹೆದರಿದೆ.”

“ಯಾರನ್ನ? ನಮ್ಮ ಕಂಡಕ್ಟರನ್ನಾ? ಅವನು ಬಕೆಟ್ ನೀರು ಕಂಡ್ರೂ ಎರಡು ಹೆಜ್ಜೆ ಹಿಂದಕ್ಕೆ ಹೋಗ್ತಾನೆ!” ಕೋಪದಲ್ಲೇ ಹೇಳಿದರು, ಹೇಳಿ ಮುಗಿಸುವಷ್ಟರಲ್ಲಿ ನಗು ಬಂದುಬಿಟ್ಟಿತು. “ಏಳಿ, ಏಳಿ. ಆರಿಸೋ ಕೆಲಸ ಇನ್ನು ನಂದು. ನೀವು ಬಾಯಿ ಮುಚ್ಕೊಂಡು ಕೈ ಚಾಚಿ.”

ದಪ್ಪ ಅಂಕಿಯವೇ ಎರಡು ಬಂದವು. ಎರಡೂ ಒಂದೇ ಬಗೆಯವು. ಆಗ ಹೋಲಿಸಿ ನೋಡುವುದು ಸುಲಭ. “ಎರಡರಲ್ಲಿ ಯಾವುದು ಕಡಿಮೆ ನಿಮಿಷ ತೋರಿಸುತ್ತೋ ಇಬ್ಬರೂ ಅದರ ಮಾತು ಕೇಳಬೇಕು,” ಎಂದರು ಮೇಡಂ. ಮಾಸ್ಕಿನ ಗಾಜಿನ ಒಳಗೆ ಕೆಳಭಾಗದಲ್ಲಿ ಅಂಟಿಸುವ ಓದುವ ಮಸೂರಗಳನ್ನೂ ಕೊಟ್ಟರು. ಅವನ್ನು ಅಂಟಿಸಿದ ಮಾಸ್ಕ್ ತೊಟ್ಟು ಮತ್ತೆ ತೊಟ್ಟಿಗೆ ಬಗ್ಗಿದ ಗಡಿಯಾರದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಅಂಕಿಗಳನ್ನೂ ಓದಿದರು, ಅಂಚಿನಲ್ಲಿದ್ದ ಸಣ್ಣಕ್ಷರಗಳನ್ನೂ ಓದಿದರು, ತೊಟ್ಟಿಯ ತಳದಲ್ಲಿ ಪಾಚಿ ಕಟ್ಟಿದೆ ಎಂಬುದನ್ನೂ ಎದ್ದು ವರದಿ ಮಾಡಿದರು.

ಮನೆಯಲ್ಲಿ ಸುದ್ದಿ ಕೇಳಿದ ಹೆಂಡತಿ ತಲೆಯನ್ನೂ ಎತ್ತಲಿಲ್ಲ. “ಪೇಪರನ್ನ ಮಾರುದ್ದ ದೂರ ಹಿಡ್ಕೊಂಡು ಓದೋ ಗಂಡನಿಗೆ ಕಣ್ಣು ಚೆನ್ನಾಗಿದೆ ಅಂತ ನಂಬಿದ್ದು ನಿಮ್ಮ ಷಡ್ಡಕ ಒಬ್ಬನೇ,” ಎಂದರು.

ಮರುದಿನ ಮೂವರೂ ಕಡಲಿಗಿಳಿದರು. ಮೇಡಂ ಈ ಸಲ ಹಿಂದೆ, ದೂರದಲ್ಲಿ. ಹದಿನೆಂಟು ಮೀಟರಿನಲ್ಲಿ ಬಂಡೆಯ ಸಂದಿನಿಂದ ಒಂದು ಆಮೆ ಹೊರಬಿದ್ದು ಆಳದ ಕಡೆಗೆ ತೇಲಿತು. ಡ್ರೈವರು ಮೈಮರೆತು ಅದರ ಬೆನ್ನು ಹತ್ತಿದರು. ಗಡಿಯಾರದವರು ತಮ್ಮ ಮಣಿಕಟ್ಟು ನೋಡಿದರು. ಏಳು ನಿಮಿಷ ಉಳಿದಿತ್ತು. ಈಜಿ ಹೋಗಿ ಷಡ್ಡಕನ ತೋಳು ಹಿಡಿದು, ಅವರ ಕಂಪ್ಯೂಟರನ್ನು ತಿರುಗಿಸಿ ನೋಡಿದರು. ನಾಲ್ಕೇ ನಿಮಿಷ! ಹೆಬ್ಬೆರಳನ್ನು ಮೇಲಕ್ಕೆತ್ತಿ ತೋರಿಸಿದರು: ಹೊರಡೋಣ. ಡ್ರೈವರು ಆಮೆಯನ್ನು ನೋಡಿದರು, ಆ ಹೆಬ್ಬೆರಳನ್ನು ನೋಡಿದರು, ಒಪ್ಪಿದರು. ನಿಧಾನವಾಗಿ ಏರಿ, ಮೈಯೊಳಗೆ ಸೇರಿದ ಗಾಳಿ ಮೆಲ್ಲಗೆ ಹೊರಹೋಗಲೆಂದು ಐದು ಮೀಟರಿನಲ್ಲಿ ಮೂರು ನಿಮಿಷ ನಿಂತರು. ಒಂದೊಂದು ನಿಮಿಷ ಕಳೆದಂತೆ ಗಡಿಯಾರದವರು ಒಂದೊಂದೇ ಬೆರಳು ಮಡಿಸಿದರು.

ದೋಣಿ ಹತ್ತಿದ ಮೇಲೆ ಮೇಡಂ ಎರಡೂ ಕಂಪ್ಯೂಟರುಗಳನ್ನು ಕೈಗೆತ್ತಿಕೊಂಡು ಪರೀಕ್ಷಿಸಿದರು.

“ಮುಂದಿನ ಸಲ ನೀವಿಬ್ಬರೇ ಇಳೀರಿ. ನಾನು ಇಲ್ಲೇ ಕೂತು ಕಾಫಿ ಕುಡೀತೀನಿ.”

“ನಮ್ಮಣ್ಣನ ಕಣ್ಣು ಅಂದ್ರೆ...” ಎಂದು ಶುರುಮಾಡಿದ ಡ್ರೈವರು ನಾಲಗೆ ಕಚ್ಚಿಕೊಂಡರು.

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಮೊದಲು ಗಡಿಯಾರದವರು ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿದರು.