ಜಾಯ್‌ಸ್ಟಿಕ್ಕಿಗೆ ಆಯುಧಪೂಜೆ

ಪಾಂಡವಪುರದ ನಮ್ಮ ಮನೆಗೆ ಕಂಪ್ಯೂಟರು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮನೆಯಲ್ಲಿ ಅದರ ಕೋರ್ಸು ಮಾಡಿದ್ದವನು ನಾನೊಬ್ಬನೇ. ಬಂದವರಿಗೆಲ್ಲ ಅಪ್ಪ, "ಅದ್ರ ಯವಾರ ನಮ್ಮೈದಂಗೊಬ್ಬಂಗೇ ಗೊತ್ತಿರದು" ಅನ್ನುತ್ತಿದ್ದರು. ಆ ಮಾತು ಕೇಳಲೆಂದೇ ನಾನು ನಡುಮನೆಯಲ್ಲಿ ಸುಳಿದಾಡುತ್ತಿದ್ದೆ.

ಅದಕ್ಕೆ ಕಲ್ಲು ಹಾಕಿದವನು ನಾಗಮಂಗಲದ ಚಿಕ್ಕಪ್ಪನ ಮಗ. ಟಿವಿ ರಿಪೇರಿ ಅಂಗಡಿಯವನು, ಕೋರ್ಸಿನ ಮುಖ ಕಂಡವನಲ್ಲ. ದಸರಾಕ್ಕೆ ಬರುವಾಗ ಹಳೇ ಟಿವಿ ಗೇಮಿನ ಜಾಯ್‌ಸ್ಟಿಕ್ಕು ತಂದಿದ್ದ. ಅದರ ವೈರು ಕತ್ತರಿಸಿ, ಪ್ರಿಂಟರಿನ ಪ್ಲಗ್ಗಿಗೆ ಒಂದೊಂದೇ ಎಳೆ ಬೆಸೆದು, ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ. ಅವನೇ ತಂದಿದ್ದ ಫ್ಲಾಪಿಯ ಪ್ರೋಗ್ರಾಮು ಮೇಲೆ ಯಾವುದು, ಕೆಳಗೆ ಯಾವುದು ಎಂದು ಕೇಳಿದಂತೆಲ್ಲ ಆಯಾ ಗುಂಡಿ ಒತ್ತಿದ. ಅಷ್ಟೇ! ಟಿವಿಯಲ್ಲಿ ಆಡುತ್ತಿದ್ದ ಹಳೇ ವಿಮಾನದ ಆಟ ನಮ್ಮ ಕಂಪ್ಯೂಟರಿನಲ್ಲಿ ಶುರುವಾಯಿತು. ಆ ಆಟವನ್ನು ಕಂಪ್ಯೂಟರಿಗೆ ತರಲು ನಾನು ಹದಿನೈದು ದಿನ ಒದ್ದಾಡಿ ಕೈಬಿಟ್ಟಿದ್ದೆ.

"ಕೋರ್ಸು ಮಾಡ್ದೋನು ನೋಡ್ತಾ ಕೂತವ್ನೆ, ಮಾಡ್ದೆ ಇದ್ದೋನು ಮಾಡ್ಬುಟ್ಟ!" ಎಂದು ಅಪ್ಪ ನಕ್ಕರು. ಸುಳ್ಳೇಕೆ ಹೇಳಲಿ, ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು.

ಮಾರನೆಯ ದಿನ ಆಯುಧಪೂಜೆ. ಟ್ರಾಕ್ಟರು, ಕುಡುಗೋಲು, ಕಂಪ್ಯೂಟರು ಆದ ಮೇಲೆ ಜಾಯ್‌ಸ್ಟಿಕ್ಕಿನ ಸರದಿ. ಉಳಿದವಕ್ಕೆಲ್ಲ ಒಂದೊಂದು ಬೊಟ್ಟು ಇಟ್ಟ ನಾನು, ಇದಕ್ಕೆ ಮಾತ್ರ ಗಂಧವನ್ನು ನೀರಾಗಿ ಕಲಸಿ, ಗುಂಡಿಗಳ ಸಂದಿಗೆ ಇಳಿಯುವ ಹಾಗೆ ಬಳಿದು, ಮೇಲೆ ಕುಂಕುಮ ತುಂಬಿದೆ. ಭಕ್ತಿಯನ್ನು ಯಾರು ತಪ್ಪು ಅಂತಾರೆ? "ಎಷ್ಟು ಒಪ್ಪವಾಗಿ ಮಾಡವ್ನೆ ನೋಡು" ಎಂದು ಅವ್ವ ಮೆಚ್ಚಿಕೊಂಡಳು.

ಸಂಜೆ ಆಟಕ್ಕೆ ಕೂತರೆ ಗುಂಡಿ ಅಂಟಿಕೊಂಡು ವಿಮಾನ ಎಡಕ್ಕೇ ಎಳೆಯಿತು. ಅಪ್ಪನ ಮುಖ ಸಪ್ಪಗಾಯಿತು. ನನಗೆ ಇನ್ನೊಂದು ಲೋಟ ಪಾಯಸ ಕುಡಿದಷ್ಟು ಹಿತವಾಯಿತು.

ಚಿಕ್ಕಪ್ಪನ ಮಗ ಸ್ಕ್ರೂ ಬಿಚ್ಚಿದ. ಒಳಗೆಲ್ಲ ಕೆಂಪು ಕೆಸರು. ಒಮ್ಮೆ ನನ್ನ ಮುಖ ನೋಡಿದ. ಗೊತ್ತಾಗಿ ಹೋಯಿತು ಅವನಿಗೆ. "ಬಾರಣ್ಣ, ಇದ್ನ ವಸಿ ಇಡ್ಕೋ" ಎಂದು ಮುಚ್ಚಳ ನನ್ನ ಕೈಗೆ ಕೊಟ್ಟು, ಬಟ್ಟೆಗೆ ಸ್ಪಿರಿಟ್ಟು ಹಾಕಿ ಒರೆಸತೊಡಗಿದ. ನಾನು ಕಳ್ಳನಂತೆ ಹಿಡಿದುಕೊಂಡು ಕೂತೆ.

ವಿಮಾನ ಮತ್ತೆ ಸರಿಯಾಗಿ ತಿರುಗಿದಾಗ ಅವನೇ ಅಪ್ಪನನ್ನು ಕೂಗಿದ: "ದೊಡ್ಡಪ್ಪ, ಎಲ್ಲಿ ಕೆಟ್ಟದೆ ಅಂತ ಕಂಡಿಡ್ದಿದ್ದು ಅಣ್ಣನೇ ಕಣ. ನಂಗೊಬ್ಬಂಗೇ ಆಯ್ತಿರ್ಲಿಲ್ಲ."

"ಭೇಷ್ ಕಣ್ಲಾ!" ಎಂದು ಅಪ್ಪ ನನ್ನ ಬೆನ್ನು ತಟ್ಟಿದರು.

ನಾಚಿಕೆಯಾಗಬೇಕಿತ್ತು. ಆಮೇಲೆ ಆಯಿತು ಕೂಡ. ಆದರೆ ಮೊದಲು ಉರಿದದ್ದು ಹೊಟ್ಟೆಯೇ: ಒಳ್ಳೆಯವನಾಗುವುದರಲ್ಲೂ ಈ ನನ್ಮಗ ನನಗಿಂತ ಮುಂದೆ ಹೋಗಿಬಿಟ್ಟನಲ್ಲ!