ಎಳೆ ಹುಡುಕುವ ಬೆರಳು

ದೇವರಿಗೆ ಎದುರುತ್ತರ ಕೊಡಬಾರದು ಎಂದು ನಂಬಿರುವ ನನ್ನ ಸಭೆಯ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ರೂತಮ್ಮನ ವಂದನೆ. ನಾನು ಎದುರುತ್ತರ ಕೊಟ್ಟವಳು. ಆಮೇಲೆ ಏನಾಯಿತೆಂದು ಹೇಳುತ್ತೇನೆ, ಕೇಳಿ.

ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ಗಂಡ ತೀರಿಕೊಂಡ ಮೇಲೆ ನಾನು ಜ್ಞಾನಸ್ನಾನ ತೆಗೆದುಕೊಂಡು ಕ್ರೈಸ್ತಳಾಗಿ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದೆ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ಆ ಎಳೆ ಕಣ್ಣಿಗೆ ಸಿಕ್ಕುವುದು ಕಷ್ಟ, ಬಲಗೈ ತೋರುಬೆರಳಿಗೆ ಸಿಕ್ಕುತ್ತದೆ. ಇದನ್ನು ನನಗೆ ಕಲಿಸಿದವರು ಕಾರ್ಖಾನೆಯ ಯಜಮಾನರ ತಾಯಿ ಅಮೀನಾಬಿ. ಪೊರೆ ಬಂದು ಅವರ ಕಣ್ಣು ಮಂಜಾಗಿತ್ತು. ಆದರೂ ನನಗಿಂತ ಬೇಗ ಎಳೆ ಹಿಡಿಯುತ್ತಿದ್ದರು.

ಒಂದು ದಿನ ತಗಡು ತಗುಲಿ ಆ ಬೆರಳಿನ ಬುಡ ಕುಯ್ದುಕೊಂಡಿತು. ರಕ್ತ ನಿಲ್ಲಲೆಂದು, ನಾವೆಲ್ಲ ಮಾಡುವಂತೆ, ಕೈಗೆ ಸಿಕ್ಕಿದ ಹಸಿ ಎಳೆಯನ್ನೇ ನಾಲ್ಕು ಸುತ್ತು ಬಿಗಿದು ಕೆಲಸಕ್ಕೆ ಕೂತೆ. ಆಮೇಲೆ ಅದನ್ನು ಮರೆತೂ ಬಿಟ್ಟೆ.

ವಾರದೊಳಗೆ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅಮ್ಮನ ಜೊತೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಕೈ ಇಳಿಬಿಟ್ಟರೆ ಜೀವ ಹೋಗುತ್ತಿತ್ತು, ಎತ್ತಿಯೇ ಕೂತಿದ್ದೆ. ಕಂಡಕ್ಟರ್, "ಬಸ್ಸು ನಿಲ್ಸಿ ಹತ್ತಿಸ್ಕೊಂಡಾಯ್ತಲ್ಲಮ್ಮ, ಇನ್ನಾದ್ರೂ ಕೈ ಇಳ್ಸು" ಎಂದ. ಬೆರಳು ಕಂಡವನೇ ಮುಂದಿನ ಸೀಟು ಬಿಡಿಸಿಕೊಟ್ಟ.

ಡಾಕ್ಟರು, "ಇದಕ್ಕೆ ಏನಾದ್ರೂ ಕಟ್ಟಿದ್ಯೇನಮ್ಮ?" ಎಂದು ಕೇಳಿದರು.

"ಬಟ್ಟೆ ಕಟ್ಟಿಲ್ಲ, ದಾರ ಕಟ್ಟಿಲ್ಲ ಸ್ವಾಮಿ" ಎಂದೆ. ಸುಳ್ಳಾಡಲಿಲ್ಲ. ದಿನವಿಡೀ ಮೈಕೈಗೆಲ್ಲ ಅಂಟಿಕೊಂಡಿರುವ ಎಳೆಯನ್ನು ನಮ್ಮ ಕೆಲಸದವರು ಯಾರೂ ಕಟ್ಟು ಎನ್ನುವುದಿಲ್ಲ.

"ರಕ್ತ ಓಡ್ತಿಲ್ಲ. ನಾಳೆ ಹತ್ತು ಗಂಟೆಗೆ ಬೆರಳು ತೆಗೀಬೇಕು. ಇಲ್ದಿದ್ರೆ ಕೈಗೇ ಕುತ್ತು" ಎಂದರು.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮನೆದೇವರನ್ನ ಬಿಟ್ಟೆಯಲ್ಲ, ಅದಕ್ಕೇ ಕಣೇ. ಈಗ್ಲಾದ್ರೂ ಮುಡಿಪು ಕಟ್ಟು."

"ಬಿಟ್ಟು ಮೂರು ವರ್ಷ ಆಯ್ತು. ಅದಕ್ಕೆ ಇವತ್ತು ಜ್ಞಾಪಕ ಬಂತೇನಮ್ಮ?"

ನೋಡಲು ಬಂದ ನಮ್ಮ ಸಭೆಯ ಉಪದೇಶಿಗಳು, "ಎಲ್ಲಾ ಆತನ ಚಿತ್ತ ಅಂತ ಒಪ್ಪಿಸಿಬಿಡಮ್ಮ" ಎಂದರು.

"ನಿಮ್ಮ ಬೆರಳು ಒಪ್ಪಿಸಿ ನೋಡಿ ಅಯ್ನೋರೆ" ಎಂದುಬಿಟ್ಟೆ. ಅವರು ಕೈಯನ್ನು ಕೋಟಿನ ಜೇಬಿಗೆ ಇಳಿಸಿದರು.

ಮಧ್ಯಾಹ್ನ ಆಸ್ಪತ್ರೆಯ ಜಗಲಿಗೆ ಹೋದೆ. ಮಂಡಿಯೂರಲಿಲ್ಲ, ನಿಂತೇ ಕೇಳಿದೆ. "ಸ್ವಾಮಿ, ನೀನು ಬಡಗಿಯಾಗಿ ಉಳಿ ಹಿಡಿದು ಮರ ಕೆತ್ತಿದವನು. ಕೆಲಸದವರಿಗೆ ಬೆರಳು ಅಂದ್ರೇನು ಅಂತ ನಿಂಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಗಂಡನ್ನ ನೀನು ಕರ್ಕೊಂಡೆ, ನಾನು ಸುಮ್ಮನಿದ್ದೆ. ಇದನ್ನ ಬಿಡಲ್ಲ. ನಾಳೆ ಹತ್ತರೊಳಗೆ ನಂಗೆ ಉತ್ತರ ಬೇಕು."

"ಒಬ್ಬಳೇ ಯಾರ ಮೇಲೆ ಕೂಗಾಡ್ತಿದೀಯೇ?" ಎಂದಳು ಅಮ್ಮ.

"ಕೇಳಿಸ್ಕೊಳ್ಳೋನ ಮೇಲೆ."

ಆ ದಿನ ಯಾವ ಉತ್ತರವೂ ಬರಲಿಲ್ಲ. ಬೆಳಿಗ್ಗೆ ಎದ್ದು ಎಡಗೈಯಲ್ಲಿ ಸೆರಗಿನ ಅಂಚಿನ ಒಂದು ನೂಲು ಎಳೆಯಲು ನೋಡಿದೆ. ಹಿಡಿತಕ್ಕೆ ಸಿಕ್ಕಲಿಲ್ಲ. ಆಗ ಮಾತ್ರ ಅತ್ತೆ.

ಒಂಬತ್ತರ ಹೊತ್ತಿಗೆ ಅಮೀನಾಬಿ ಗೋಡೆ ಸವರಿಕೊಂಡು ಒಳಗೆ ಬಂದರು. ಮಗನ ಹತ್ತಿರ ಹಟ ಹಿಡಿದು ಮೊದಲ ಬಸ್ಸು ಹತ್ತಿ ಬಂದಿದ್ದರು. ಮಡಿಲಲ್ಲಿ ಎರಡು ಬನ್ನು.

"ಎಲ್ಲಿ, ಕೈ ಕೊಡು ಬೇಟಿ."

ನೋಯುತ್ತದೆ ಎನ್ನುವುದರೊಳಗೆ ಹಿಡಿದೇಬಿಟ್ಟರು. ಊದಿದ ಬೆರಳಿನ ಬುಡದಲ್ಲಿ ಉಗುರಿನ ತುದಿ ಸುತ್ತು ಬಂತು. ಒಂದು ಕಡೆ ನಿಂತಿತು.

"ಅರೆ, ಇಲ್ಲಿ ಎಳೆ ಐತೆ."

"ಇಲ್ಲ ಬೀಬಮ್ಮ."

"ನಂಗೆ ಹೇಳ್ತೀಯಾ? ಒಳಗೆ ಹೂತೈತೆ. ಕರಿಯೇ ನಿನ್ನ ಡಾಕ್ಟರನ್ನ."

ಡಾಕ್ಟರು ಭೂತಗನ್ನಡಿ ತಂದು ನೋಡಿದರು. ಹಸಿಯಾಗಿ ಬಿಗಿದಿದ್ದ ನನ್ನದೇ ಎಳೆ ಮಾಂಸದೊಳಗೆ ಇಳಿದು, ಅದರ ಮೇಲೆ ಚರ್ಮ ಊದಿ ಮುಚ್ಚಿಕೊಂಡಿತ್ತು. ಸಣ್ಣ ಕತ್ತರಿಯಿಂದ ಒಂದೊಂದೇ ಸುತ್ತು ಬಿಡಿಸಿದರು. ಹತ್ತು ಗಂಟೆಯ ಗಂಟೆ ಹೊಡೆದಾಗ ಬೆರಳಿನ ತುದಿಯಲ್ಲಿ ಜುಮ್ಮೆಂದಿತು. ಎರಡು ದಿನ ಕಾದು, "ಉಗುರು ಹೋಗುತ್ತೆ, ಬೆರಳು ಉಳೀತು" ಎಂದರು.

ಎಳೆ ಬಿಡಿಸಿದ ಆ ಬೆಳಿಗ್ಗೆಯೇ ನಾನು ಅಮೀನಾಬಿಯ ಕೈ ಕಣ್ಣಿಗೊತ್ತಿಕೊಂಡು, "ನಿಮ್ಮನ್ನ ನನ್ನ ಸ್ವಾಮಿ ಕಳಿಸಿದ" ಎಂದಿದ್ದೆ.

"ಯಾರು ಕಳಿಸಿದ್ರೇನು, ಬನ್ನು ಗಟ್ಟಿಯಾಗ್ತೈತೆ, ತಿನ್ನು" ಎಂದಿದ್ದರು.

ಇದು ಮುದುಕಿಯ ಕೈಗುಣ, ಪವಾಡವಲ್ಲ ಎನ್ನುವವರಿದ್ದಾರೆ. ಕಣ್ಣು ಕಾಣದವರನ್ನು ಅದೇ ಬೆಳಿಗ್ಗೆ ಬಸ್ಸಿಗೆ ಹೊರಡಿಸಿದ್ದು ಯಾರು ಎಂದು ನಾನು ಕೇಳುತ್ತೇನೆ. ಇಂದಿಗೂ ಆ ಬೆರಳಿನ ಬುಡದಲ್ಲಿ ಬಿಳಿಯ ಗೆರೆಯೊಂದು ಉಂಗುರದಂತೆ ಸುತ್ತಿದೆ. ಕೈ ಮುಗಿದಾಗ ಮೊದಲು ಕಣ್ಣಿಗೆ ಬೀಳುವುದು ಅದೇ. ಈಗ ಮಂಡಿಯೂರುತ್ತೇನೆ, ಸ್ತೋತ್ರ ಹೇಳುತ್ತೇನೆ. ಕೇಳುವುದನ್ನು ಮಾತ್ರ ಅಂದಿನಂತೆಯೇ ಗಟ್ಟಿಯಾಗಿ ಕೇಳುತ್ತೇನೆ. ಆತನೂ ಬೇಡ ಎಂದಿಲ್ಲ.