ಚಪ್ಪಾಳೆಯ ನಡುವೆ ಕೊಟ್ಟ ಬಲೆ

ಸರ್ಕಾರವು ಮೀನುಗಾರರಿಗೆಂದು ಕಳಿಸಿದ ನೈಲಾನ್ ಬಲೆಯನ್ನು ಹರಿಹರದ ಹರಿಗೋಲಿನ ಮಾವನ ಹೆಗಲಿಗೆ ಹಾಕಿ, ಫೋಟೊ ತೆಗೆಸಿಕೊಂಡು, ಜನರು ಅತ್ತ ತಿರುಗುತ್ತಲೇ ಕಿತ್ತುಕೊಂಡರು. ಇದನ್ನು ಕಣ್ಣಾರೆ ಕಂಡವನು ನಾನು.

ಮಾವ ನಮ್ಮ ಬಂಧುವಲ್ಲ, ಹೊಳೆದಂಡೆಯ ನೆರೆಯವರು. ನೂಲಿನ ಬಲೆಯ ಹಗ್ಗ ಕೊರೆದು ಅವರ ಬಲಗೈ ತೋರುಬೆರಳಿನಲ್ಲಿ ಆಳವಾದ ಗೀರೊಂದು ಬಿದ್ದಿತ್ತು. ಬಾಲ್ಯದಲ್ಲಿ ಆ ಬೆರಳು ಹಿಡಿದೇ ನಾನು ತುಂಗಭದ್ರೆಯಲ್ಲಿ ಈಜು ಕಲಿತೆ. ಅವರು ಯಾವುದನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. "ಹೊಳೆ ಸುಮ್ನೈತೆ ಅಂದ್ರೆ ಒಳಗೇನೋ ನಡಸೈತೆ ಅಂತ ತಿಳ್ಕ, ತಮ್ಮಾ," ಎನ್ನುತ್ತಿದ್ದರು.

ಅರವತ್ತರ ದಶಕದ ಆರಂಭ. ನಾನು ಆಗಷ್ಟೇ ಶಾಲೆಯ ಮೇಷ್ಟ್ರಾಗಿದ್ದೆ. ದಾವಣಗೆರೆಯಿಂದ ಬಂದ ಇಲಾಖೆಯ ಸಾಹೇಬರು, ದೇಶದ ಮೀನುಗಾರಿಕೆ ಕಡಲಿನಿಂದ ಮಾತ್ರವಲ್ಲ, ಹೊಳೆಗಳಿಂದಲೂ ಬೆಳೆಯಬೇಕೆಂದು ಚಪ್ಪರದಡಿ ಭಾಷಣ ಮಾಡಿದರು. ಬಲೆ ಹೆಗಲಿಗೆ ಬಿದ್ದೊಡನೆ ಮಾವ ಕೇಳಿದರು: "ಸಾಹೇಬ್ರೆ, ಇದು ಮೀನು ಹಿಡಿಯಾಕೋ, ಫೋಟೊ ಹಿಡಿಯಾಕೋ?"

ಎಲ್ಲರೂ ನಕ್ಕರು. ಸಾಹೇಬರೇ ಹೆಚ್ಚು ನಕ್ಕರು. ಆ ನಗುವೇ ನನಗೆ ಅನುಮಾನ ತಂದಿತು.

ಮಂಡಕ್ಕಿ-ಮಿರ್ಚಿ ಹಂಚುವ ಕಡೆಗೆ ಜನ ನುಗ್ಗಿದರು. ಮೀನುಗಾರರ ಸಂಘದ ಅಧ್ಯಕ್ಷರು ಅಡತಿ ಅಂಗಡಿಯ ಯಜಮಾನರು. ಹೊಳೆಯಲ್ಲಿ ಪಾದ ತೋಯಿಸಿದವರಲ್ಲ. "ಸಂಘದ ಮುದ್ರೆ ಹಾಕಿ ಕೊಡ್ತೀವಿ, ನಾಳೆ ಅಂಗಡಿಗೆ ಬಾ," ಎಂದು ಬಲೆಯನ್ನು ಇಳಿಸಿಕೊಂಡು ತಮ್ಮ ಜೀಪಿಗೆ ಹಾಕಿಸಿದರು.

ಮರುದಿನ ಮಾವನ ಜೊತೆ ನಾನೂ ಹೋದೆ.

"ಯಾವ ಬಲೆಯೋ?" ಎಂದರು ಅಧ್ಯಕ್ಷರು. "ನಿನ್ನ ಹೆಗಲಿಗೆ ಹಾಕಿದ್ದನ್ನ ಇಡೀ ಹರಿಹರ ನೋಡೈತೆ. ಅದನ್ನ ಮಾರ್ಕೊಂಡು ಇನ್ನೊಂದು ಕೇಳಾಕ ಬಂದಿ? ಕಳ್ಳ!"

"ಜೀಪಿಗೆ ಹಾಕಿಸಿದ್ದನ್ನ ನಾನು ನೋಡೀನ್ರಿ," ಎಂದೆ.

"ಊರೆಲ್ಲ ಸುಳ್ಳು, ನೀವೊಬ್ರೇ ಖರೆ ಏನ್ರಿ ಮೇಷ್ಟ್ರೆ?"

ಊರಿನವರನ್ನು ಕೇಳಿದೆ. ಕೊಟ್ಟದ್ದನ್ನು ಎಲ್ಲರೂ ಕಂಡಿದ್ದರು. ಕಿತ್ತುಕೊಂಡಾಗ ಎಲ್ಲರ ಬಾಯಲ್ಲೂ ಮಿರ್ಚಿಯಿತ್ತು.

"ಬಲೆ ಹೋತು, ಹೋಗ್ಲಿ," ಎಂದರು ಮಾವ. "ನನ್ನ ಕಳ್ಳ ಅಂದ್ರಲ್ಲೋ, ತಮ್ಮಾ."

ಮುಂದೆ ಬಂದ ಪ್ರತಿ ನೆರವಿಗೂ ಅವರಿಗೆ ಒಂದೇ ಉತ್ತರ: ನಿನಗೆ ಕೊಟ್ಟಾಗಿದೆ. ಹಳೆಯ ಬಲೆ ಹೊಲಿಗೆಗೂ ನಿಲ್ಲದಾದಾಗ ಮಾವ ಹರಿಗೋಲನ್ನು ಮಗುಚಿಟ್ಟು ದಾವಣಗೆರೆಯ ಹತ್ತಿ ಗಿರಣಿಯೊಂದಕ್ಕೆ ಸೇರಿದರು. ನೀರಿನ ಗಾಳಿ ಕುಡಿದು ಬೆಳೆದ ಎದೆಗೆ ಅರಳೆಯ ಧೂಳು ಇಳಿಯಿತು. ಕೆಮ್ಮುತ್ತಲೇ ತೀರಿಕೊಂಡರು.

ಹೆಣವನ್ನು ಹರಿಹರಕ್ಕೆ ತಂದಾಗ ಅಧ್ಯಕ್ಷರು ಸಂಘದ ಪರವಾಗಿ ಸೇವಂತಿಗೆಯ ಹಾರ ತಂದರು. "ನಮ್ಮ ಹಿರಿಯ ಸದಸ್ಯರು" ಎಂದು ನಾಲ್ಕು ಮಾತನ್ನೂ ಆಡಿದರು. ಸಾವಿನ ಮನೆಯೆಂದು ಅಂದು ಸುಮ್ಮನಿದ್ದೆ. ಇಂದು ಕೇಳುತ್ತೇನೆ, ಯಜಮಾನರೇ: ಅಂಗಡಿಯಲ್ಲಿ ಆಡಿದ ಮಾತನ್ನು ಮನಸ್ಸಿನಲ್ಲಾದರೂ ಹಿಂದಕ್ಕೆ ತೆಗೆದುಕೊಂಡು ಆ ಹಾರ ಹಾಕಿದಿರೋ, ಇಲ್ಲವೇ ಕಳ್ಳನಿಗೇ ಹಾಕಿದಿರೋ?